ಕ್ವೇಲ್ ಕ್ರೀಕಿನ ಹತ್ತನೆಯವಳು

ಬೆಂಕಿ ಆರಿಸುವವರೆಂದರೆ ಸರ್ಕಾರಿ ನೌಕರರು, ತಿಂಗಳಾದರೆ ಸಂಬಳ, ವಯಸ್ಸಾದರೆ ಪೆನ್ಷನ್ನು ಎಂದೇ ಖಾಲಿದಾ ತಿಳಿದಿದ್ದಳು. ಹುಬ್ಬಳ್ಳಿಯಲ್ಲಿ ಹಾಗೇ ಇತ್ತು. ಅಮೆರಿಕದಲ್ಲೂ ಹಾಗೇ ಇರಬೇಕು ಎಂದುಕೊಂಡಿದ್ದಳು, ೧೯೯೭ರ ಆಗಸ್ಟಿನ ಆ ಮಧ್ಯಾಹ್ನದವರೆಗೆ.

ಅವಳ ಮನೆಯಿದ್ದದ್ದು ಲಿವರ್ಮೋರ್ ಎಂಬ ಪಟ್ಟಣದ ದಕ್ಷಿಣಕ್ಕೆ, ಗುಡ್ಡಗಳ ನಡುವಿನ ಕ್ವೇಲ್ ಕ್ರೀಕ್ ಎಂಬಲ್ಲಿ. ಕೆಳಗೆ ಫ್ರೀಮಾಂಟು, ಪ್ಲೆಸೆಂಟನ್ನು, ಡಬ್ಲಿನ್ನುಗಳಲ್ಲಿ ವಾರಕ್ಕೊಂದು ಹೊಸ ಆಫೀಸು ಕಟ್ಟಡ ಏಳುತ್ತಿತ್ತು. ಯಾರ ಬಾಯಲ್ಲಿ ಕೇಳಿದರೂ ಡಾಟ್‌ಕಾಮು. ಮೇಲೆ ಗುಡ್ಡದಲ್ಲಿ ಮಾತ್ರ ದನ, ಒಣಹುಲ್ಲು, ಓಕ್ ಮರ, ಅಲ್ಲೊಂದು ಇಲ್ಲೊಂದು ಅಂತ ಅರವತ್ತು ಮನೆ. ಅಷ್ಟೂ ಮನೆಗೆ ನೀರು ಬೋರ್‌ವೆಲ್ಲಿನದೇ. ಹುಬ್ಬಳ್ಳಿಯಲ್ಲಿ ಮೋಟಾರು ಕಟ್ಟುವ ಅಂಗಡಿ ಇಟ್ಟಿದ್ದ ಅವಳ ಗಂಡ ನಿಜಾಮುದ್ದೀನ್ ಆ ಬೋರ್‌ವೆಲ್ಲುಗಳ ಪಂಪು ರಿಪೇರಿಗೆಂದೇ ಅಲ್ಲಿ ಬೇರೂರಿದ. ಖಾಲಿದಾ ದಿನವೂ ಐವತ್ತು ನಿಮಿಷ ಗಾಡಿ ಓಡಿಸಿಕೊಂಡು ನೆವಾರ್ಕಿನ ಒಂದು ಕಾರ್ಖಾನೆಗೆ ಹೋಗಿ, ಭೂತಗನ್ನಡಿಯ ಕೆಳಗೆ ಸರ್ಕ್ಯೂಟ್ ಬೋರ್ಡುಗಳ ಬೆಸುಗೆ ಪರೀಕ್ಷಿಸುತ್ತಿದ್ದಳು. ವಯಸ್ಸು ನಲವತ್ತೊಂದು. ಎತ್ತರ ಐದಡಿ ಒಂದಂಗುಲ.

ಆ ಮಧ್ಯಾಹ್ನ ಯಾರದೋ ಹುಲ್ಲು ಕತ್ತರಿಸುವ ಯಂತ್ರದ ಕಿಡಿ ಹಾರಿತು. ಗಾಳಿ ಅವರ ಮನೆಯ ಕಡೆಗೇ ಇತ್ತು. ನಿಜಾಮುದ್ದೀನ್ ಕೆಲಸಕ್ಕೆ ಹೋಗಿದ್ದ, ಖಾಲಿದಾಗೆ ಅಂದು ರಜೆ. ಖಾಲಿದಾ ಮತ್ತು ಹದಿನಾಲ್ಕರ ಮಗಳು ತಹ್ರೀಮ್ ತೋಟದ ಪೈಪು ಹಿಡಿದು ಮನೆಯ ಗೋಡೆಗೆ ನೀರು ಬಿಡುತ್ತಿದ್ದರು. ಬೆಂಕಿ ಬೇಲಿಯ ಆಚೆ ಬಂದು ನಿಂತಾಗ ಆ ನೀರು ಯಾವ ಮೂಲೆಗೂ ಸಾಲದು ಎಂದು ಇಬ್ಬರಿಗೂ ಗೊತ್ತಾಯಿತು. ಅಷ್ಟರಲ್ಲಿ ಒಂದು ಹಳೆಯ ಫೈರ್ ಎಂಜಿನ್ನು, ಅದರ ಹಿಂದೆ ಒಂದು ನೀರಿನ ಲಾರಿ ಗುಡ್ಡ ಹತ್ತಿ ಬಂದವು. ಒಂಬತ್ತು ಜನ ಇಳಿದರು. ಮನೆಗೆ ಅರವತ್ತಡಿ ದೂರದಲ್ಲಿ ಬೆಂಕಿಯನ್ನು ಕೊಂದರು.

ಹೆಲ್ಮೆಟ್ ತೆಗೆದಾಗ ಖಾಲಿದಾ ದಂಗಾದಳು. ಒಬ್ಬಾಕೆ ತಹ್ರೀಮಳ ಸ್ಕೂಲಿನ ಟೀಚರು. ಇನ್ನೊಬ್ಬ ಅರವತ್ತೆಂಟರ ಮುದುಕ, ಕುದುರೆ ಲಾಳ ಕಟ್ಟುವವನು. ಮುಂದಾಳು ಮ್ಯಾನಿ ಸಿಲ್ವೇರಾ, ಪಕ್ಕದ ಗುಡ್ಡದಲ್ಲಿ ದನ ಸಾಕುವ ಪೋರ್ಚುಗೀಸ್ ಮನೆತನದವನು. ಖಾಲಿದಾ ಎಲ್ಲರಿಗೂ ನಿಂಬೆ ಪಾನಕ ಕೊಟ್ಟು ಅವನನ್ನು ಕೇಳಿದಳು: "ನಿಮಗೆ ಸಂಬಳ ಯಾರು ಕೊಡುತ್ತಾರೆ?"

ಎಲ್ಲರೂ ನಕ್ಕರು. "ವರ್ಷಕ್ಕೊಂದು ಊಟ ಹಾಕುತ್ತಾರಮ್ಮ," ಅಂದ ಮ್ಯಾನಿ. "ಅದಕ್ಕೆ ಕೊಯ್ಯುವ ದನವೂ ನನ್ನದೇ."

"ನೀವು ಬರದೇ ಇದ್ದಿದ್ದರೆ?"

"ಲಿವರ್ಮೋರಿನಿಂದ ಗಾಡಿ ಬರುತ್ತಿತ್ತು. ನಲವತ್ತು ನಿಮಿಷ."

ಖಾಲಿದಾ ಬೇಲಿಯ ಆಚೆಗೆ ಕರಕಲಾದ ನೆಲವನ್ನು ನೋಡಿದಳು. ಬೆಂಕಿ ಅಲ್ಲಿಂದ ಇಲ್ಲಿಗೆ ಬರಲು ನಾಲ್ಕು ನಿಮಿಷವೂ ಬೇಕಿರಲಿಲ್ಲ.

ಮುಂದಿನ ಮಂಗಳವಾರ ಸಂಜೆ, ಡ್ಯೂಟಿ ಮುಗಿಸಿಕೊಂಡು ನೆಟ್ಟಗೆ ಅವರ ಸ್ಟೇಷನ್ನಿಗೆ ಹೋದಳು. ಸ್ಟೇಷನ್ನೆಂದರೆ ತಗಡಿನ ಶೆಡ್ಡು. "ನನ್ನ ಹೆಸರೂ ಬರೆದುಕೊಳ್ಳಿ," ಅಂದಳು.

ಮ್ಯಾನಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಬೇಡ ಎನ್ನಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಮರಳು ತುಂಬಿದ ಬೊಂಬೆಯನ್ನು ತೋರಿಸಿದ. ಎಪ್ಪತ್ತೈದು ಕಿಲೋ. ಹೊಗೆಯಲ್ಲಿ ಬಿದ್ದವರನ್ನು ಹೊರಗೆಳೆಯಬೇಕಲ್ಲ, ಅದಕ್ಕೆ ಆ ಪರೀಕ್ಷೆ. ಪೂರ್ತಿ ಉಡುಪು ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಅದನ್ನು ನೂರಡಿ ಎಳೆಯಬೇಕು. ಖಾಲಿದಾ ಮೂವತ್ತಡಿಗೆ ಬಿದ್ದಳು. ಎದ್ದು ಎಳೆದಳು, ಇನ್ನು ನಾಲ್ಕಡಿಗೆ ಮತ್ತೆ ಬಿದ್ದಳು.

"ಬೇಜಾರಾಗಬೇಡ," ಅಂದ ಮ್ಯಾನಿ. "ರೇಡಿಯೋ ನೋಡಿಕೊಳ್ಳುವವರು ಬೇಕು. ಬೆಂಕಿಯ ಹೊತ್ತಿನಲ್ಲಿ ಇವರಿಗೆಲ್ಲ ಕಾಫಿ ಮಾಡಿಕೊಡುವವರೂ ಬೇಕು."

"ಕಾಫಿ ನಾನು ಮನೆಯಲ್ಲೇ ಮಾಡುತ್ತೇನೆ. ಮುಂದಿನ ಪರೀಕ್ಷೆ ಯಾವತ್ತು?"

ಮನೆಗೆ ಬಂದು ಗಂಡನಿಗೆ ಹೇಳಿದಳು. ನಿಜಾಮುದ್ದೀನ್ ಊಟದ ತಟ್ಟೆಯಿಂದ ತಲೆ ಎತ್ತಿ, "ನಿನಗ್ಯಾಕ ಬೇಕ ಇದು? ಗಂಡಸರ ಕೆಲಸ," ಅಂದ.

"ಹೌದ್ರಿ. ಅವತ್ತು ಬೆಂಕಿ ಬಂದಾಗ ಮನ್ಯಾಗ ಯಾವ ಗಂಡಸಿದ್ದ?"

ಭಾನುವಾರ ಅವನೇ ಹಳೆಯ ಲಾರಿ ಟೈರೊಂದನ್ನು ತಂದು, ಅದರೊಳಗೆ ಮರಳಿನ ಚೀಲ ಬಿಗಿದು, ಹಗ್ಗ ಕಟ್ಟಿ ಅಂಗಳದಲ್ಲಿ ಇಟ್ಟ. "ತೋಳಿನಿಂದ ಎಳೀಬ್ಯಾಡ," ಅಂದ. "ಪಂಪ್ ಎತ್ತುವಾಗ ನಾವೂ ತೋಳು ನಂಬಂಗಿಲ್ಲ. ತೊಡಿ ಮ್ಯಾಲೆ ಭಾರ ಹಾಕು. ಬೆನ್ನು ನೆಟ್ಟಗಿರಲಿ."

ಅಂದಿನಿಂದ ಬೆಳಗಿನ ನಮಾಜು ಮುಗಿದ ಮೇಲೆ, ಕಾರ್ಖಾನೆಗೆ ಹೊರಡುವ ಮುಂಚೆ, ಖಾಲಿದಾ ಆ ಟೈರನ್ನು ಗುಡ್ಡದ ಏರಿಗೆ ಎಳೆಯುತ್ತಿದ್ದಳು. ಹಿಂದು ಹಿಂದಕ್ಕೆ ಹೆಜ್ಜೆ, ಹೆಜ್ಜೆಗೊಂದು ಉಸಿರು. ಅಕ್ಟೋಬರಿನ ಪರೀಕ್ಷೆಯಲ್ಲಿ ಎಂಬತ್ತಡಿ. ತಹ್ರೀಮಳಿಗೆ ಸಂಕೋಚ. "ಅಮ್ಮಿ, ಪ್ಲೀಸ್, ಸ್ಕೂಲ್ ಬಸ್ ಬರೋ ಮೊದಲೇ ನಿಲ್ಲಿಸಿಬಿಡು," ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಖಾಲಿದಾ ಬಸ್ಸು ಬಂದಾಗಲೂ ನಿಲ್ಲಿಸಲಿಲ್ಲ. ಫೆಬ್ರವರಿಯಲ್ಲಿ, ಮಳೆಗೆ ನೆಲ ಜಾರುತ್ತಿದ್ದ ದಿನ, ಬೊಂಬೆಯನ್ನು ನೂರಡಿ ಎಳೆದಳು. ಸಾಲದು ಅಂತ ಇನ್ನೂ ಹತ್ತಡಿ ಎಳೆದು ಮ್ಯಾನಿಯ ಬೂಟಿನ ಮುಂದೆ ಇಟ್ಟಳು.

ತಲೆಯ ದುಪಟ್ಟಾದ ವಿಷಯ ಬಂತು. ಏನಾದರೂ ತಕರಾರು ತೆಗೆಯುತ್ತಾರೆ ಎಂದು ಅವಳು ಉತ್ತರ ಕಟ್ಟಿಕೊಂಡೇ ಬಂದಿದ್ದಳು. ಮ್ಯಾನಿ ಬಟ್ಟೆಯ ತುದಿಯನ್ನು ಬೆರಳಲ್ಲಿ ಉಜ್ಜಿ, "ಇದು ನೈಲಾನು, ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುತ್ತೆ. ಹತ್ತಿಯದು ಕಟ್ಟಿಕೋ. ಅದರ ಮೇಲೆ ನಾವೆಲ್ಲ ಹಾಕುವ ಟೋಪಿ," ಅಂದ. ಅಷ್ಟೇ. ಕಟ್ಟಿಕೊಂಡು ಬಂದಿದ್ದ ಉತ್ತರವೆಲ್ಲ ವ್ಯರ್ಥವಾಯಿತು.

ನಂತರದ ಎರಡು ವರ್ಷ, ಕಾರ್ಖಾನೆಯಲ್ಲಿರುವ ಹೊತ್ತು ಬಿಟ್ಟರೆ, ಪೇಜರಿಗೆ ಬಂದು ಅವಳು ಹೋಗದ ಕರೆಯಿಲ್ಲ. ಹುಲ್ಲಿನ ಬೆಂಕಿ ಕಡಿಮೆ, ರಸ್ತೆ ಅಪಘಾತವೇ ಹೆಚ್ಚು. ಫ್ರೀವೇ ತುಂಬಿ ತುಳುಕುವುದಕ್ಕೆ ಶುರುವಾದ ಮೇಲೆ ಕಣಿವೆಯ ಆಚೆಯಿಂದ ಕೆಲಸಕ್ಕೆ ಬರುವವರು ಈ ಅಂಕುಡೊಂಕು ರಸ್ತೆ ಹಿಡಿಯುತ್ತಿದ್ದರು. ನಿದ್ದೆಗಣ್ಣಲ್ಲಿ ಬಂದು ತಿರುವಿನಲ್ಲಿ ಉರುಳುತ್ತಿದ್ದರು. ಗಾಯಾಳುಗಳನ್ನು ನೋಡಿಕೊಳ್ಳುವ ತರಬೇತಿಯನ್ನೂ ಖಾಲಿದಾ ಮುಗಿಸಿದಳು. ಪುಸ್ತಕದ ಇಂಗ್ಲಿಷು ಕಷ್ಟವಾದಾಗ ತಹ್ರೀಮ್ ಓದಿ ಹೇಳಿದಳು. ಆ ತರಬೇತಿಯಲ್ಲಿ ಮೊದಲು ಕಲಿಸಿದ ಪಾಠವೇ ಇದು: ಕುತ್ತಿಗೆಯ ಮೂಳೆ ಮುರಿದಿರಬಹುದು ಎಂಬ ಅನುಮಾನವಿದ್ದರೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಬೇಕು. ಹಿಡಿದವರು, ಪಟ್ಟಿ ಹಾಕಿ ಹಲಗೆಗೆ ಬಿಗಿಯುವವರೆಗೆ, ಬಿಡುವಂತಿಲ್ಲ.

೨೦೦೦ದ ಜೂನ್, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಒಂದು ವ್ಯಾನು ರಸ್ತೆ ಬಿಟ್ಟು ಇಳಿಜಾರಿನಲ್ಲಿ ಒಂದು ಸುತ್ತು ಉರುಳಿ, ಓಕ್ ಮರಕ್ಕೆ ತಗುಲಿ ನಿಂತಿತ್ತು. ಓಡಿಸುತ್ತಿದ್ದವನು ಹೇಗೋ ಹೊರಗೆ ಬಂದು, ಮುರಿದ ತೋಳು ಹಿಡಿದುಕೊಂಡು ಕೂಗುತ್ತಿದ್ದ. ಹಿಂದಿನ ಸೀಟಿನಲ್ಲಿ ಒಬ್ಬ ಮುದುಕಿ ಸಿಕ್ಕಿಕೊಂಡಿದ್ದಳು. ಕಾಲು ಮುಂದಿನ ಸೀಟಿನ ಅಡಿಗೆ ಹೋಗಿತ್ತು. ಲಾಳ ಕಟ್ಟುವ ಮುದುಕ ಒಡೆದ ಕಿಟಕಿಯಲ್ಲಿ ಕೈ ಹಾಕಿ ಅವಳ ತಲೆ ಹಿಡಿಯಲು ನೋಡುತ್ತಿದ್ದ. ಅವಳು ಅವನ ಕೈ ಮೇಲೆ ಪಟಪಟನೆ ಹೊಡೆಯುತ್ತ ತಲೆ ಒದ್ದಾಡಿಸುತ್ತಿದ್ದಳು.

"ಬುಡೋ! ಮುಟ್ಬೇಡ ಕಣೋ ನನ್ನ!"

ಇಳಿಜಾರಿನಲ್ಲಿ ಓಡಿ ಬರುತ್ತಿದ್ದ ಖಾಲಿದಾಗೆ ತನ್ನ ಕಿವಿಯನ್ನು ತಾನೇ ನಂಬಲಾಗಲಿಲ್ಲ. ಹಿಂದಿನ ಗಾಜು ಪೂರ್ತಿ ಹೋಗಿತ್ತು. ಅದರೊಳಗೆ ತೂರಿ, ಮುದುಕಿಯ ಬೆನ್ನ ಹಿಂದೆ ಮಂಡಿಯೂರಿ, ಸೀಟಿನ ಮೇಲೆ ಮೊಣಕೈ ಊರಿ, ಎರಡೂ ಅಂಗೈಯಲ್ಲಿ ಅವಳ ತಲೆಯನ್ನು ಹಿಡಿದಳು.

"ಅವ್ವಾರ, ಅಲ್ಲಾಡಬ್ಯಾಡ್ರಿ. ಕುತ್ತಿಗಿಗೆ ಪೆಟ್ಟಾಗಿರಬೌದು. ಇವರು ನಿಮ್ಮನ್ನ ಹೊರಗ ತೆಗಿಯಾಕ ಬಂದಾರ."

ಮುದುಕಿ ತಟ್ಟನೆ ಸುಮ್ಮನಾದಳು. ಆಮೇಲೆ ಕೇಳಿದಳು: "ಕನ್ನಡದೋಳೇನವ್ವಾ ನೀನು?"

"ಹೌದ್ರಿ. ಹುಬ್ಬಳ್ಳಿಯಾಕಿ. ಖಾಲಿದಾ ಅಂತ."

"ನಾನು ಜವರಮ್ಮ, ಮಂಡ್ಯದ ಕಡೆಯೋಳು. ನನ್ ಮಗ ಎಲ್ಲವ್ನೆ? ಜಗನ್ನಾಥ?"

"ಅಲ್ಲೇ ನಿಂತಾರ. ಕೈ ಮುರದೈತಿ, ಜೀವಕ್ಕೇನೂ ಭಯ ಇಲ್ಲ. ನೀವು ಮಾತಾಡ್ರಿ, ತಲಿ ಮಾತ್ರ ಹೊಳ್ಳಸಬ್ಯಾಡ್ರಿ."

ಜವರಮ್ಮ ಮಾತಾಡಿದಳು. ಸೊಸೆಯ ಬಾಣಂತನಕ್ಕೆಂದು ಬಂದು ಎರಡು ತಿಂಗಳಾಯಿತು, ಹೆರಿಗೆಗೆ ಇನ್ನೂ ಒಂದು ತಿಂಗಳಿದೆ. ಪ್ಲೆಸೆಂಟನ್ನಿನ ಮನೆಯಲ್ಲಿ ಕೂತು ಕೂತು ಬೇಸರ ಅಂದಿದ್ದಕ್ಕೆ, ಮಗ ದನ ತೋರಿಸುತ್ತೇನೆ ಬಾ ಎಂದು ಕರೆದುಕೊಂಡು ಬಂದ. ಹೊರಗೆ ಮ್ಯಾನಿ ಮತ್ತು ಇಬ್ಬರು ಕಬ್ಬಿಣ ಕತ್ತರಿಸುವ ಯಂತ್ರ ಹಿಡಿದು ಬಾಗಿಲನ್ನು ಸೀಳುತ್ತಿದ್ದರು. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಖಾಲಿದಾಳ ಬೆರಳು ಜೋಮು ಹಿಡಿಯತೊಡಗಿದವು.

ಆಗ ಹೊಗೆಯ ವಾಸನೆ ಬಂತು. ವ್ಯಾನಿನ ಕಾದ ಸೈಲೆನ್ಸರಿನ ಅಡಿಯಲ್ಲಿ ಒಣಹುಲ್ಲು ಸಣ್ಣಗೆ ಹೊತ್ತಿಕೊಂಡಿತ್ತು. ಪೆಟ್ರೋಲು ಬೇರೆ ಸೋರುತ್ತಿತ್ತು.

"ಖಾಲಿದಾ, ಹೊರಗೆ ಬಾ!" ಮ್ಯಾನಿ ಕೂಗಿದ.

"ನಾನು ಬಿಟ್ಟರೆ ಇವರ ಕುತ್ತಿಗೆ ಉಳಿಯುವುದಿಲ್ಲ. ನೀರು ಬಿಡಿ!"

"ಇದು ಆರ್ಡರು! ಈಗಲೇ ಹೊರಗೆ ಬಾ!"

ಅವಳು ಬರಲಿಲ್ಲ. ಹಿಂದಿನ ಚಕ್ರದ ಪಕ್ಕದಲ್ಲಿ ಜ್ವಾಲೆ ಎದ್ದದ್ದು ಮಂಡಿಗೆ ಬಿಸಿಯಾಗಿ ತಿಳಿಯಿತು. ತಹ್ರೀಮಳ ಮುಖ ಕಣ್ಣ ಮುಂದೆ ಬಂತು. ಕಾಲು ತಾನಾಗಿಯೇ ಹೊರಕ್ಕೆ ಹೊರಳಿತ್ತು. ಅದನ್ನು ಎಳೆದುಕೊಂಡು ಮತ್ತೆ ಊರಿದಳು. ಬಾಯಲ್ಲಿ ಕಲಿಮಾ ಹೇಳುತ್ತ ಕೈ ಮಾತ್ರ ಕದಲಿಸಲಿಲ್ಲ. ಮರುಕ್ಷಣವೇ ಟೀಚರ್ ಹಿಡಿದಿದ್ದ ಹೋಸ್ ಪೈಪಿನಿಂದ ನೀರು ನುಗ್ಗಿತು. ವ್ಯಾನಿನ ಅಡಿಗೆ, ಪಕ್ಕಕ್ಕೆ, ಒಡೆದ ಕಿಟಕಿಯೊಳಗೆ, ಇಬ್ಬರ ಮೈಮೇಲೆ.

"ಅಯ್ಯೋ, ನೀರ್ ಉಯ್ತಾವ್ರಲ್ಲವ್ವ ಇವ್ರು!" ಜವರಮ್ಮ ಕಿರುಚಿದಳು. "ಯಾಕವ್ವಾ?"

"ಸೆಕೆ ಭಾಳೈತಿ ಅಂತರಿ," ಅಂದಳು ಖಾಲಿದಾ. "ನೀವು ಅಲ್ಲಾಡಬ್ಯಾಡ್ರಿ."

ಬೆಂಕಿ ಆರಿತು. ಬಾಗಿಲು ಕಳಚಿ, ಸೀಟು ಹಿಂದಕ್ಕೆಳೆದು, ಕಾಲು ಬಿಡಿಸಿ, ಕುತ್ತಿಗೆಗೆ ಪಟ್ಟಿ ಹಾಕಿ ಹಲಗೆಗೆ ಬಿಗಿದಾಗ ಒಟ್ಟು ಐವತ್ತು ನಿಮಿಷ ಆಗಿತ್ತು. "ಈಗ ಬಿಡು," ಎಂದು ಮೂರು ಸಲ ಹೇಳಿದ ಮೇಲೆ ಟೀಚರೇ ಬಂದು ಖಾಲಿದಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಹೆಲಿಕಾಪ್ಟರು ಜವರಮ್ಮನನ್ನು ಎತ್ತಿಕೊಂಡು ಹೋಯಿತು.

ಮಂಗಳವಾರದ ಸಭೆಯಲ್ಲಿ ಬೆನ್ನು ತಟ್ಟುತ್ತಾರೆ ಎಂಬ ಆಸೆ ಖಾಲಿದಾಗೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಮ್ಯಾನಿ ಎಲ್ಲರ ಎದುರಿಗೇ ಮಾತಾಡಿದ.

"ಆಸ್ಪತ್ರೆಯವರು ಫೋನು ಮಾಡಿದ್ದರು. ಕುತ್ತಿಗೆಯಲ್ಲಿ ಎರಡು ಮೂಳೆ ಸೀಳಿದೆ. ತಲೆ ಇನ್ನೂ ಒಂದಿಷ್ಟು ಹೊರಳಿದ್ದರೂ ಆಕೆ ಮತ್ತೆ ಕೈಕಾಲು ಎತ್ತುತ್ತಿರಲಿಲ್ಲ. ಹಾಗಾಗದಂತೆ ತಡೆದದ್ದು ಖಾಲಿದಾ." ಆಮೇಲೆ ಅವಳ ಕಡೆ ತಿರುಗಿದ. "ನಾನು ಎರಡು ಸಲ ಕೂಗಿದೆ. ನೀನು ಬರಲಿಲ್ಲ. ಆ ವ್ಯಾನು ಹೊತ್ತಿಕೊಂಡಿದ್ದರೆ ನಿನ್ನನ್ನು ತರಲು ಇಬ್ಬರು ಒಳಗೆ ನುಗ್ಗುತ್ತಿದ್ದರು. ಒಬ್ಬ ನಾನು. ಇನ್ನೊಬ್ಬರು ಯಾರು ಅಂತ ನೀನೇ ಇವರ ಮುಖ ನೋಡಿ ಹೇಳು. ಎರಡು ತಿಂಗಳು ನೀನು ಯಾವ ಕರೆಗೂ ಬರಕೂಡದು."

ಖಾಲಿದಾಳ ಮುಖ ಕೆಂಪೇರಿತು. ಮನೆಗೆ ಬಂದು ಬಾಗಿಲು ದಡಾರೆಂದು ಹಾಕಿದಳು. ಎಲ್ಲ ಕೇಳಿದ ನಿಜಾಮುದ್ದೀನ್, "ಅಂವ ಹೇಳಿದ್ದರಾಗ ತಪ್ಪೇನೈತಿ?" ಅಂದ.

"ಹಂಗಾರ ಆಕೀನ ಬಿಟ್ಟು ಬರಬೇಕಿತ್ತೇನು?"

"ಹಂಗೂ ಅನ್ನವಲ್ಲೆ ನಾ," ಅಂದ ಅವನು. ಅವಳ ಎರಡೂ ಕೈ ಹಿಡಿದುಕೊಂಡು ಬಿಡಲಿಲ್ಲ. ಅವನಿಗೂ ಹೆದರಿಕೆಯಾಗಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು.

ಮತ್ತೆ ಅಂಥ ಹೊತ್ತು ಬಂದರೆ ಏನು ಮಾಡುತ್ತೇನೆ ಎಂದು ಅವಳು ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಳು. ಈ ಕೆಲಸವನ್ನೇ ಬಿಟ್ಟುಬಿಡುವ ಯೋಚನೆ ಮಾತ್ರ ಒಂದು ಸಲವೂ ಬರಲಿಲ್ಲ. ಎರಡು ತಿಂಗಳೂ ಮಂಗಳವಾರ ತಪ್ಪದೆ ಹೋಗಿ, ಬೇರೆಯವರು ಕರೆಯಿಂದ ಹೊತ್ತು ತಂದ ಕೆಸರು ಪೈಪುಗಳನ್ನು ತೊಳೆದು ಒಣಗಿಸಿ ಸುತ್ತಿಟ್ಟಳು. ಮ್ಯಾನಿ ಒಂದು ದಿನ ಅವಳ ಪಕ್ಕದಲ್ಲಿ ಕೂತು ತಾನೂ ಪೈಪು ತೊಳೆದ.

ಆಗಸ್ಟಿನಲ್ಲಿ ಜಗನ್ನಾಥ ಫೋನು ಮಾಡಿ ಪ್ಲೆಸೆಂಟನ್ನಿನ ಮನೆಗೆ ಕರೆದ. ಜವರಮ್ಮ ಕುತ್ತಿಗೆಗೆ ಗಟ್ಟಿ ಪಟ್ಟಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಹದಿನೈದು ದಿನದ ಮೊಮ್ಮಗಳು ಗಾರ್ಗಿ.

"ಬಾರವ್ವ," ಅಂದಳು. "ಮೊದ್ಲು ನಿನ್ ಮಖ ತೋರ್ಸು. ಅವತ್ತು ನಿನ್ ಕೈ ಬುಟ್ರೆ ಇನ್ನೇನೂ ಕಾಣ್ಲಿಲ್ಲ ನಂಗೆ." ಖಾಲಿದಾ ಎದುರಿಗೆ ಕೂತಳು. ಜವರಮ್ಮ ತುಂಬ ಹೊತ್ತು ನೋಡಿದಳು. "ಸೆಕೆ ಅಂತ ನೀರ್ ಉಯ್ದ್ರು ಅಂದ್ಯಲ್ಲ, ನಾನೇನ್ ದಡ್ಡಿಯಾ? ಹೊಗೆ ವಾಸ್ನೆ ನಂಗೂ ಬಂದಿತ್ತು. ನೀನು ಎದ್ದೋಗ್ತೀಯ ಅಂತ ಕಾಯ್ತಿದ್ದೆ."

ಖಾಲಿದಾ ಮಗುವನ್ನು ಎತ್ತಿಕೊಂಡಳು.

ಸೆಪ್ಟೆಂಬರ್ ಮೊದಲ ವಾರ ಅವಳ ಪೇಜರು ಮತ್ತೆ ಸದ್ದು ಮಾಡಿತು. ಊಟಕ್ಕೆ ಕೂತಿದ್ದವಳು ತಟ್ಟೆ ಸರಿಸಿ ಬೂಟು ಹಾಕಿಕೊಂಡು ಓಡಿದಳು. ಮನುಷ್ಯರಲ್ಲ, ಮ್ಯಾನಿಯದೇ ಒಂದು ಗಬ್ಬದ ಹಸು ಮೋರಿಯಲ್ಲಿ ಸಿಕ್ಕಿಕೊಂಡಿತ್ತು. ಹತ್ತೂ ಜನ ಸೇರಿ ಮೂರು ಗಂಟೆ ಹೆಣಗಿದರು. ಖಾಲಿದಾ ಮಂಡಿಯವರೆಗಿನ ಕೆಸರಿನಲ್ಲಿ ನಿಂತು, ಹೊಟ್ಟೆಯ ಅಡಿಗೆ ಪಟ್ಟಿ ತೂರಿಸಿ ಹಗ್ಗ ಹಿಡಿದಳು. ಹಸು ಅವಳ ತೊಡೆಗೊಂದು ಬಲವಾಗಿ ಒದ್ದು ಮೇಲೆ ಬಂತು.

"ಎಳೆಯೋದು ಚೆನ್ನಾಗಿ ಬರುತ್ತೆ ನಿನಗೆ," ಅಂದ ಮ್ಯಾನಿ.

"ಗೊತ್ತು," ಅಂದಳು ಖಾಲಿದಾ, ಕುಂಟುತ್ತ ಗಾಡಿ ಹತ್ತಿದಳು.