ಯಾರಿಗೂ ಕೇಳದ ಹಾರನ್

“ಈ ಹಾರನ್ ಯಾರಿಗೂ ಕೇಳಂಗಿಲ್ಲ. ಬದಲ್ ಮಾಡಿಸ್ಕೊಂಡು ಬಾ,” ಎಂದರು ಇನ್‌ಸ್ಪೆಕ್ಟರ್.

ಆದೋನಿಯ ಬಯಲೊಂದರಲ್ಲಿ ಅಪ್ಪನ ಹಳೆಯ ಬೈಕನ್ನು ಫಿಟ್ನೆಸ್ ಪರೀಕ್ಷೆಗೆ ನಿಲ್ಲಿಸಿದ್ದೆ. ಬ್ರೇಕು, ದೀಪ ಪಾಸಾಗಿದ್ದವು. ಪಕ್ಕದ ಜಿನ್ನಿಂಗ್ ಮಿಲ್ಲಿನಿಂದ ಹತ್ತಿಯ ಎಳೆಗಳು ತೇಲಿ ಬಂದು ಸೀಟಿನ ಮೇಲೆ ಇಳಿಯುತ್ತಿದ್ದವು. ನನಗೆ ಸಿಟ್ಟು ಬಂತು. ಇದೇ ಬೈಕಿಗೆ ಕ್ಯಾನು ಕಟ್ಟಿಕೊಂಡು ಓಣಿ ಓಣಿಗೆ ಹಾಲು ಹಾಕುತ್ತಿದ್ದ ಅಪ್ಪ ಒತ್ತುತ್ತಿದ್ದ ರೀತಿಯಲ್ಲೇ ಮತ್ತೆ ಹಾರನ್ ಒತ್ತಿ ತೋರಿಸಿದೆ: ಎರಡು ಸಲ ಗಿಡ್ಡ, ಒಂದು ಸಲ ಉದ್ದ.

ಬಯಲಿನಾಚೆ ಒಂದು ಮನೆಯ ಬಾಗಿಲು ತೆರೆಯಿತು. ಕಣ್ಣಿಗೆ ಪೊರೆ ಬಂದ ಮುದುಕಿಯೊಬ್ಬಳು ಚೊಂಬು ಹಿಡಿದು, ಆ ಬಿಳಿ ಎಳೆಗಳ ನಡುವೆ ನಿದ್ದೆಯಲ್ಲಿ ನಡೆದಂತೆ ನಮ್ಮತ್ತ ಬಂದಳು.

“ಎಲ್ಲಿಗೆ ಹೋಗಿದ್ದೆಪ್ಪಾ ತಿಮ್ಮಪ್ಪ? ಅರ್ಧ ಲೀಟರ್ ಹಾಕು,” ಎಂದಳು.

ತಿಮ್ಮಪ್ಪ ನನ್ನ ಅಪ್ಪ. ತೀರಿಕೊಂಡು ವರ್ಷವಾಗಿದೆ. “ನಾಳೆ ತರ್ತೀನವ್ವ,” ಎಂದೆ. ಇನ್‌ಸ್ಪೆಕ್ಟರ್ ನೆಲ ನೋಡುತ್ತ ನಿಂತರು. ಆದರೂ ಪಾಸು ಮಾಡಲಿಲ್ಲ.

ಹೊಸ ಹಾರನ್ ಹಾಕಿಸಿ ಪಾಸು ಮಾಡಿಸಿಕೊಂಡೆ. ಹಳೆಯದನ್ನು ಕೀಳಿಸಲಿಲ್ಲ. ಈಗ ದಿನಾ ಬೆಳಿಗ್ಗೆ ಡೈರಿಯಿಂದ ಅರ್ಧ ಲೀಟರ್ ಹಾಲು ಕೊಂಡು, ಆ ಬಾಗಿಲ ಮುಂದೆ ಹಳೆಯದನ್ನೇ ಒತ್ತುತ್ತೇನೆ.