ಚಿಕ್ಕಗಂಗಮ್ಮನ ದಕ್ಷಿಣದ ಕಿಟಕಿ

ಬಸವೇಶ್ವರನಗರದ ಚಿಕ್ಕಗಂಗಮ್ಮನಿಗೆ ವಾಸ್ತು ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಹಿಂದೆ ಮನೆ ಕಟ್ಟಿಸುವಾಗ ಗಂಡನ ಕಡೆಯವರು ದಕ್ಷಿಣಕ್ಕೆ ಕಿಟಕಿ ಕೂಡದೆಂದು ಪಟ್ಟು ಹಿಡಿದು ಅಡುಗೆಮನೆಯನ್ನು ಗವಿ ಮಾಡಿಟ್ಟಿದ್ದರು. ಹಾಡಹಗಲಲ್ಲೂ ಟ್ಯೂಬ್‌ಲೈಟ್ ಹಾಕಿಕೊಂಡೇ ಒಗ್ಗರಣೆ. ಚಳಿಗಾಲದಲ್ಲಂತೂ ನೆಲದ ತಂಡಿ ಮಂಡಿಗೇರಿ, ಆಕೆ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮಂಡಿ ಹಿಡಿದುಕೊಂಡೇ ಅಡುಗೆ ಮಾಡಬೇಕು. ಮುಂದಿನ ಹಾಲಿನಲ್ಲಿ ಇದಕ್ಕೆ ತದ್ವಿರುದ್ಧ. ಪಶ್ಚಿಮದ ಗೋಡೆ ಮಧ್ಯಾಹ್ನವಿಡೀ ಕಾದು, ಗಂಡ ದೊಡ್ಡಣ್ಣ ಸಂಜೆಯಾದರೆ ಬನಿಯನ್ ಬಿಚ್ಚಿ ಗೇಟಿನ ಬಳಿ ಕೂರುತ್ತಿದ್ದ.

ಆರ್ಕಿಟೆಕ್ಟ್ ಆದ ಮಗಳು ಚೈತ್ರ, ಮಹಡಿಯ ಮೇಲೆ ರೂಮು ಏರಿಸುವ ನೆಪದಲ್ಲಿ ಇಡೀ ಮನೆಯನ್ನೇ ಕೈಗೆತ್ತಿಕೊಂಡಳು. ಪಶ್ಚಿಮದ ಬಿಸಿಲಿಗೆ ಅಡ್ಡವಾಗಿ ತೂತುತೂತಿನ ಜಾಲಿ ಗೋಡೆ, ಕಾದ ಗಾಳಿ ಹೊರಹೋಗಲು ಹಾಲಿನ ನೆತ್ತಿಯಲ್ಲಿ ಗವಾಕ್ಷಿ, ಹಿಂದಕ್ಕೆ ಹಿಗ್ಗಿಸಿದ ಅಡುಗೆಮನೆಗೆ ದಕ್ಷಿಣದಲ್ಲಿ ದೊಡ್ಡ ಕಿಟಕಿ, ಅದರ ಮೇಲೆ ಅಗಲವಾದ ಸಜ್ಜಾ.

"ಬೇಸಿಗೇಲಿ ಸೂರ್ಯ ನೆತ್ತಿ ಮೇಲಿರ್ತಾನಮ್ಮ, ಸಜ್ಜಾ ತಡ್ಕೊಳುತ್ತೆ. ಚಳಿಗಾಲದಲ್ಲಿ ದಕ್ಷಿಣಕ್ಕೆ ವಾಲ್ಕೊಂಡು ಹುಟ್ತಾನೆ. ಬೆಳಗಿನ ಬಿಸಿಲು ಸೀದಾ ನಿನ್ನ ಒಲೆ ಮುಂದಕ್ಕೇ ಬರುತ್ತೆ," ಎಂದಳು ಚೈತ್ರ.

ಆ ಒಂದು ಮಾತಿಗೆ ಚಿಕ್ಕಗಂಗಮ್ಮ ಕರಗಿ ನೀರಾದಳು. ಕಾಲ ಬಳಿ ಬಿಸಿಲು ಬಿದ್ದಿರುವ ಅಡುಗೆಮನೆಯನ್ನು ಬಿಟ್ಟು ಆಕೆಗೆ ಬೇರೇನೂ ಬೇಡವಾಯಿತು.

ಆದರೆ ಆ ಬಿಸಿಲು ಮನೆಯ ಹಿಂದೆ, ಪೂರ್ವಕ್ಕಿದ್ದ ಪಾರ್ಕಿನ ಮೇಲಿಂದ, ದಕ್ಷಿಣಕ್ಕಿದ್ದ ಪಕ್ಕದ ಸೈಟಿನ ಈಶಾನ್ಯ ಮೂಲೆಯನ್ನು ದಾಟಿ ಬರಬೇಕು. ಆ ಸೈಟನ್ನು ಕೊಂಡ ಮೋಹನ್ ಕುಮಾರ್, ಹಳೇ ಮನೆ ಕೆಡವಿ, ಕಾಂಪೌಂಡಿಗೆ ಅಂಟಿಕೊಂಡಂತೆ ಮೂರು ಅಂತಸ್ತಿನ ಪಿ.ಜಿ. ಎಬ್ಬಿಸಲು ಹೊರಟಿದ್ದ. ಜಾಗ ಬಿಡಿ ಎಂದು ಚೈತ್ರ ಹೋಗಿ ಕೇಳಿದಳು.

"ಈ ರೋಡಲ್ಲಿ ಯಾರು ಬಿಟ್ಟಿದಾರೆ ಹೇಳಿ ಮೇಡಂ?" ಎಂದ. ನಿಜವೇ. ಚೈತ್ರಳ ಅಪ್ಪನೂ ಬಿಟ್ಟಿರಲಿಲ್ಲ.

ಚಿಕ್ಕಗಂಗಮ್ಮ ಬೇರೆಯೇ ಒಂದನ್ನು ಗಮನಿಸಿದ್ದಳು. ಆ ಮನುಷ್ಯನ ಮಣಿಕಟ್ಟಿನ ತುಂಬ ದಾರ, ಸೈಟಿನ ಬಾಗಿಲಿಗೆ ಬೂದುಗುಂಬಳಕಾಯಿ, ಕಾರಿಗೆ ನಿಂಬೆಹಣ್ಣು. ಒಂದು ತಟ್ಟೆ ಒಬ್ಬಟ್ಟು ಹಿಡಿದು ಹೋದವಳು ಕಾಂಪೌಂಡಿನ ಮೂಲೆ ನೋಡಿ ಉಸ್ಸೆಂದಳು.

"ಈಶಾನ್ಯ ಮುಚ್ತಾ ಇದೀಯೇನಪ್ಪಾ? ನಂಗ್ಯಾಕೆ ಬಿಡು. ಈಶಾನ್ಯ ಮುಚ್ಚಿದ ಮನೇಲಿ ಬಾಡಿಗೆಯೋರು ನಿಲ್ಲಲ್ಲ ಅಂತಾರೆ."

ಮೋಹನ್ ಕುಮಾರನ ಬಾಯಲ್ಲಿದ್ದ ಒಬ್ಬಟ್ಟು ಅಲ್ಲೇ ನಿಂತಿತು. ಮರುದಿನವೇ ಪ್ಲಾನು ಬದಲಾಯಿತು, ಮೂಲೆ ಖಾಲಿ ಉಳಿಯಿತು. ಚಿಕ್ಕಗಂಗಮ್ಮ ಮನೆಗೆ ಬಂದು ಗಂಡನೆದುರು ಬಿದ್ದು ಬಿದ್ದು ನಕ್ಕಳು.

ಆ ನಗು ಹೊಸದಾಗಿಸಿದ ತಮ್ಮ ಮನೆಯ ಗೃಹಪ್ರವೇಶದವರೆಗೆ ಮಾತ್ರ. ಅಂದು ಮೋಹನ್ ಕುಮಾರ್ ಕೃತಜ್ಞತೆಯಿಂದ ತನ್ನ ವಾಸ್ತು ಗುರೂಜಿಯನ್ನೇ ಕರೆತಂದ. ಗುರೂಜಿ ಮನೆಯೆಲ್ಲ ಸುತ್ತಿ, ಅಡುಗೆಮನೆಯಲ್ಲಿ ಗಕ್ಕನೆ ನಿಂತ.

"ದಕ್ಷಿಣಕ್ಕೆ ಇಷ್ಟು ದೊಡ್ಡ ಕಿಟಕೀನಾ? ಯಮನ ದಿಕ್ಕು ತಾಯಿ! ಮುಚ್ಚಿಸಿಬಿಡಿ."

"ಆಂಟಿ ಶಾಸ್ತ್ರ ತಿಳಿದೋರು ಗುರೂಜಿ, ಮುಚ್ಚಿಸ್ತಾರೆ," ಎಂದು ಮೋಹನ್ ಕುಮಾರ್ ಆಕೆಯ ಮುಖ ನೋಡಿದ.

ಚಿಕ್ಕಗಂಗಮ್ಮ ಕಿಟಕಿಯಾಚೆ ನೋಡಿದಳು. ಪಕ್ಕದ ಕಟ್ಟಡದ ಮೇಲಿನ ಅಂತಸ್ತುಗಳಿಗೆ ಕಾಂಕ್ರೀಟ್ ಸುರಿದು ಮೋಲ್ಡ್ ಹಾಕುವುದು ಇನ್ನೂ ಬಾಕಿ. ವಾಸ್ತು ಎಲ್ಲ ಬೊಗಳೆ ಎಂದರೆ, ನಾಳೆಯೇ ಅವನು ಆ ಮೂಲೆಯ ಮೇಲೆ ರೂಮು ಚಾಚಿಬಿಡುತ್ತಾನೆ. "ಮುಚ್ಚಿಸ್ತೀನಪ್ಪ," ಎಂದಳು.

ಹೊಸ ಕಿಟಕಿಗೆ ಪ್ಲೈವುಡ್ ಹೊಡೆದದ್ದು ಕಂಡು ಚೈತ್ರ ಸಿಟ್ಟಿನಿಂದ ಕುಣಿದಾಡಿದಳು.

"ನಿಂಗೇನಾಗಿದೆ ಅಮ್ಮ?"

"ಅವನ ಕೊನೇ ಮೋಲ್ಡ್ ಬೀಳೋವರೆಗೂ ಸುಮ್ನಿರೇ. ಅಲ್ಲೀಗಂಟ ನಾನು ಭಾರೀ ವಾಸ್ತುಭಕ್ತೆ."

ಜಾಲಿ ಗೋಡೆಯಿಂದಾಗಿ ಮುಂದಿನ ಹಾಲೇನೋ ತಂಪಾಗಿತ್ತು. ದೊಡ್ಡಣ್ಣ ಮಧ್ಯಾಹ್ನವೇ ಗೊರಕೆ ಹೊಡೆಯುತ್ತಿದ್ದ. ಹೊಸ ಅಡುಗೆಮನೆಯಲ್ಲಿ ಮಾತ್ರ ಚಿಕ್ಕಗಂಗಮ್ಮ ಮತ್ತೆ ಲೈಟು ಹಾಕಿಕೊಂಡು, ಪ್ಲೈವುಡ್ಡಿನ ಸಂದಿಯಲ್ಲಿ ತೂರಿದ ಗೆರೆಯಷ್ಟು ಬಿಸಿಲಿನಲ್ಲಿ ಒಂದೊಂದೇ ಕಾಲಿಟ್ಟು ನಿಲ್ಲುತ್ತಿದ್ದಳು. ತನ್ನ ಬಗ್ಗೆ ತನಗೇ ಅಳುವಷ್ಟು ಬೇಜಾರಾಗುತ್ತಿತ್ತು.

ಧನುರ್ಮಾಸದಲ್ಲಿ ಕೊನೆಯ ಮೋಲ್ಡ್ ಬಿತ್ತು. ಮೂಲೆಗೆ ಏನೂ ಚಾಚಲಿಲ್ಲ. ಮರುದಿನ ಬೆಳಗ್ಗೆ ಚಿಕ್ಕಗಂಗಮ್ಮ ತಾನೇ ಸುತ್ತಿಗೆ ಹಿಡಿದು ಪ್ಲೈವುಡ್ ಕಿತ್ತಳು. ಬಿಸಿಲು ಒಲೆಯ ಮುಂದೆ ಬಂದು ಬಿತ್ತು. ತನ್ನ ಹೊಸ ತಾರಸಿಗೆ ನೀರು ಕಟ್ಟಿಸುತ್ತಿದ್ದ ಮೋಹನ್ ಕುಮಾರ್ ಮೇಲಿಂದಲೇ ಕಿರುಚಿದ.

"ಆಂಟೀ, ಯಮ!"

"ಕಾಫಿ ಇಟ್ಟಿದೀನಿ, ಇಳಿದು ಬಾ," ಎಂದಳು.

ಚಳಿಗೆ ನಡುಗುತ್ತ ಬಂದವನನ್ನು ಬಿಸಿಲಿಗೆ ಬೆನ್ನು ಮಾಡಿ ಕೂರಿಸಿದಳು. ಲೋಟ ಕೈಗಿಟ್ಟು, ಇನ್ನು ಬಚ್ಚಿಡಲಾರದೆ ಹೇಳಿಯೇಬಿಟ್ಟಳು. "ಈಶಾನ್ಯ ಗೀಶಾನ್ಯ ನಂಗೇನೂ ಗೊತ್ತಿಲ್ಲ ಕಣಪ್ಪ. ಈ ಬಿಸಿಲಿಗೋಸ್ಕರ ನಿನ್ನ ಹೆದರಿಸ್ದೆ. ಬೈಯೋದಿದ್ರೆ ಬೈದುಬಿಡು."

ಮೋಹನ್ ಕುಮಾರ್ ಬೈಯಲು ಬಾಯಿ ತೆರೆದ. ಬೆನ್ನು ಹಿತವಾಗಿ ಕಾಯುತ್ತಿತ್ತು. ಬಾಯಿ ಮುಚ್ಚಿ ಕಾಫಿ ಕುಡಿದ. ಬಿಸಿಲು ಸರಿದತ್ತ ಕುರ್ಚಿಯನ್ನೂ ಸರಿಸಿಕೊಂಡ. ಲೋಟ ಖಾಲಿಯಾದ ಮೇಲೆ ದನಿ ತಗ್ಗಿಸಿ ಕೇಳಿದ.

"ಆಂಟಿ, ಮೇಲಿನ ರೂಮ್‌ಗಳಿಗೂ ದಕ್ಷಿಣಕ್ಕೆ ಹಿಂಗೇ ಕಿಟಕಿ ಇಡ್ಸಿದ್ರೆ ಹೆಂಗೆ? ಗುರೂಜಿಗೆ ಏನಂತ ಹೇಳೋದು?"

ಚಿಕ್ಕಗಂಗಮ್ಮ ಇನ್ನೊಂದು ಲೋಟ ಕಾಫಿ ಬಗ್ಗಿಸಿದಳು.

"ಕೂತ್ಕೋ, ಯೋಚ್ನೆ ಮಾಡೋಣ," ಎಂದಳು.