ಡ್ರಿಲ್ ಮೇಷ್ಟ್ರ ಸುಣ್ಣದ ಚೀಲ

“ನಮ್ಮೂರ ಸ್ಕೂಲ್ ಫೀಲ್ಡಲ್ಲಿ ಹೆಲಿಕಾಪ್ಟರ್ ಇಳಿಯೋದೂ ಒಂದೇ, ನಮ್ಮನೆ ಹುಡುಗಿ ಡಿಗ್ರಿ ಮಾಡೋದೂ ಒಂದೇ. ಎರಡೂ ಆಗೋ ಮಾತಲ್ಲ ಮಾರಾಯ್ರೇ!” ಎಂದು ಕೆಲವು ವರ್ಷಗಳ ಹಿಂದೆ ನಕ್ಕವರು ನನ್ನ ದೊಡ್ಡಪ್ಪ. ಮೊನ್ನೆ ಶಿವಮೊಗ್ಗದಲ್ಲಿ, ನಮ್ಮ ಪದವಿ ಪ್ರದಾನಕ್ಕೆಂದು ಕಾಲೇಜಿನ ಅಂಗಳದಲ್ಲಿ ಗೆರೆ ಎಳೆಯುತ್ತಿದ್ದರು. ಒದ್ದೆ ಮಣ್ಣಿನ ಮೇಲೆ ಬಿದ್ದ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡ್ರಿಲ್ ಮೇಷ್ಟ್ರು ನೆನಪಾದರು.

ಭದ್ರಾವತಿಯಾಚೆಗಿನ ನಮ್ಮ ಹಳ್ಳಿಯಲ್ಲಿ ಶಾಲೆಯ ಮೈದಾನವೆಂದರೆ ದೊಡ್ಡಪ್ಪನಿಗೆ ಮೆಕ್ಕೆಜೋಳ ಒಣಗಿಸುವ ಕಣ. “ಜೋಳ ತೆಗೀರಿ ಯಜಮಾನ್ರೇ. ನಾಳೆ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ ಏರ್ ಆಂಬುಲೆನ್ಸ್ ಇಳಿಯೋಕೆ ಇದೊಂದೇ ಜಾಗ” ಎಂದು ಮೇಷ್ಟ್ರು ಹೇಳಿದ್ದಕ್ಕೆ ದೊಡ್ಡಪ್ಪ ನಗುತ್ತ ಕೊಟ್ಟ ಉತ್ತರವೇ ಆ ಹೆಲಿಕಾಪ್ಟರ್ ಮಾತು. ನರ್ಸಿಂಗ್ ಕಾಲೇಜಿನ ಅರ್ಜಿ ಹಿಡಿದು, ಮನೆಯ ಹಿರಿಯರಾದ ದೊಡ್ಡಪ್ಪನ ಸಹಿಗಾಗಿ ನಾನು ಪಕ್ಕದಲ್ಲೇ ನಿಂತಿದ್ದೆ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಸಹಿ ಬೀಳಲಿಲ್ಲ.

ಅದೇ ವಾರ ದೊಡ್ಡಪ್ಪ ಜೋಳ ಹೇರಿದ ಟ್ರಾಕ್ಟರಿನ ಮೇಲಿಂದ ಬಿದ್ದರು. ಕಾಲು ಅಲ್ಲಾಡಲಿಲ್ಲ. ರಸ್ತೆಯಲ್ಲಿ ಕುಲುಕಿದರೆ ಮತ್ತೆ ನಡೆಯುವುದು ಕಷ್ಟ ಎಂದ ಡಾಕ್ಟರು, ಫೋನಿನ ಮೇಲೆ ಫೋನು ಮಾಡಿ ಹೆಲಿಕಾಪ್ಟರ್ ಗೊತ್ತುಮಾಡಿದರು. ಒಂದು ತಾಸಿನೊಳಗೆ ಮೈದಾನ ಖಾಲಿಯಾಗಬೇಕು, ಧೂಳೇಳಬಾರದು. ಅಲ್ಲಿ ನೋಡಿದರೆ ತುಂಬ ದೊಡ್ಡಪ್ಪನದೇ ಜೋಳ!

ಮೇಷ್ಟ್ರು ಸೀಟಿ ಊದಿದರು. ಊರೇ ಓಡಿಬಂತು. ಗಂಡಸರು ಜೋಳ ಬಾಚಿದರು, ಹೆಂಗಸರು ಕೊಡಗಟ್ಟಲೆ ನೀರು ಹೊಯ್ದರು. ಕಬಡ್ಡಿ ಅಂಕಣಕ್ಕೆಂದು ಇಟ್ಟಿದ್ದ ಸುಣ್ಣದಲ್ಲಿ ಮೇಷ್ಟ್ರು ದೊಡ್ಡ ವೃತ್ತ ಎಳೆದರು. ಎಲ್ಲ ನೆನಪಿಟ್ಟುಕೊಂಡ ಮನುಷ್ಯ ಮರೆತದ್ದು ಒಂದೇ, ಮಿಕ್ಕ ಸುಣ್ಣದ ಚೀಲದ ಬಾಯಿ ಕಟ್ಟುವುದು. ಹೆಲಿಕಾಪ್ಟರಿನ ಗಾಳಿಗೆ ಚೀಲವೇ ಹಾರಿ... ಬೇಲಿಯಾಚೆ ನಿಂತವರೆಲ್ಲ ಬೆಳ್ಳಗೆ! ಬಿಳಿ ರೆಪ್ಪೆ ಮಿಟುಕಿಸುತ್ತ ಮೇಷ್ಟ್ರು ಸ್ಟ್ರೆಚರಿನತ್ತ ಬಾಗಿ, “ಒಂದಾಯ್ತು ಯಜಮಾನ್ರೇ. ಇನ್ನೊಂದು ಬಾಕಿ” ಎಂದರು.

ಕೆಲವು ತಿಂಗಳ ಮೇಲೆ ದೊಡ್ಡಪ್ಪ ಕೋಲೂರಿಕೊಂಡು ನಡೆದೇ ಮನೆಗೆ ಬಂದರು. ಮರುವರ್ಷದ ಅರ್ಜಿಗೆ ತಾವೇ ಕೇಳಿ ಸಹಿ ಹಾಕಿದರು.

ಓದು ಸುಲಭವಾಗಲಿಲ್ಲ. ಇಂಗ್ಲಿಷ್ ಪುಸ್ತಕದ ಪುಟಪುಟಕ್ಕೂ ಬೆವರಿದ್ದೇನೆ. ಮೊದಲ ವರ್ಷ ಫೇಲಾದಾಗ ಮೇಷ್ಟ್ರ ಫೋನು ಬಂತು: “ಇನ್ನೊಂದು ಬಾಕಿ ಕಣಮ್ಮ, ನೆನಪಿದ್ಯಾ?” ಆಮೇಲೆ ಪ್ರತಿ ಪರೀಕ್ಷೆಗೂ ಅದೇ ಫೋನು, ಅದೇ ಮಾತು. ಕೊನೆಯ ವರ್ಷ ಬರಲಿಲ್ಲ... ಅವರೇ ಇರಲಿಲ್ಲ.

ಮೊನ್ನೆ ಪದವಿಪತ್ರ ತೆಗೆದುಕೊಂಡವಳೇ ವೇದಿಕೆ ಇಳಿದು ದೊಡ್ಡಪ್ಪನ ಕೈಗಿಟ್ಟೆ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ಎರಡೂ ಆಯ್ತಲ್ಲೇ. ಮೇಷ್ಟ್ರು ಇದ್ದಿದ್ರೆ ಇವತ್ತು ನನ್ನ ಸುಮ್ನೆ ಬಿಡ್ತಿದ್ರಾ?”